ಇಂಗ್ಲಿಷ್ ಸಾಹಿತ್ಯದ ಕಾಲಘಟ್ಟಗಳನ್ನು ಕಲಿಯುವ ಬಗೆ: ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ

ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ ಬಿ.ಎ. ಇಂಗ್ಲಿಷಿಗೆ ಸೇರಿದವರಿಗೆ ದೊಡ್ಡ ತಲೆನೋವು ಸಾಹಿತ್ಯ ಚರಿತ್ರೆ. ಪಾಠ ಇಂಗ್ಲಿಷಿನಲ್ಲಿ, ನಡುನಡುವೆ ವಿವರಣೆ ಮಲಯಾಳದಲ್ಲಿ, ಮನೆಮಾತು ತುಳುವೋ ಕನ್ನಡವೋ. ಹೀಗಿರುವಾಗ ಹೆಸರು, ಇಸವಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದೇ ಸುಲಭವೆಂದು ತೋರುತ್ತದೆ. ಆದರೆ ಪರೀಕ್ಷೆ ಮುಗಿದ ವಾರದೊಳಗೆ ಅದೆಲ್ಲ ಹಾರಿಹೋಗುತ್ತದೆ. ನೆನಪಿನ ಶಕ್ತಿ ಕಡಿಮೆಯೆಂದು ಇದಕ್ಕೆ ಬೇಸರಪಡಬೇಕಿಲ್ಲ. ಕಾಲಘಟ್ಟದ ಹೆಸರುಗಳನ್ನು ಇಟ್ಟ ರೀತಿಯೇ ಗೊಂದಲದ್ದು, ಮೊದಲು ಆ ಗೊಂದಲವನ್ನು ಬಿಡಿಸಿಕೊಳ್ಳಬೇಕು.

ಹೆಸರು ಎಲ್ಲಿಂದ ಬಂತು ನೋಡಿ

ಕೆಲವು ಹೆಸರು ಭಾಷೆಯಿಂದ ಬಂದವು: ಓಲ್ಡ್ ಇಂಗ್ಲಿಷ್, ಮಿಡ್ಲ್ ಇಂಗ್ಲಿಷ್. ಕೆಲವು ಸಿಂಹಾಸನದಿಂದ: ಎಲಿಜಬೆತನ್ (1558–1603), ಜಾಕೋಬಿಯನ್ (1603–25), ಕ್ಯಾರೊಲಿನ್ (1625–49), ವಿಕ್ಟೋರಿಯನ್ (1837–1901), ಎಡ್ವರ್ಡಿಯನ್ (1901–10). ಜಾಕೋಬಸ್ ಎಂದರೆ ಲ್ಯಾಟಿನ್ನಿನಲ್ಲಿ ಜೇಮ್ಸ್, ಕ್ಯಾರೊಲಸ್ ಎಂದರೆ ಚಾರ್ಲ್ಸ್. ಇಷ್ಟು ಗೊತ್ತಿದ್ದರೆ ಆ ಎರಡನ್ನು ಅದಲುಬದಲು ಮಾಡುವ ಪ್ರಶ್ನೆಯಿಲ್ಲ. ಕೆಲವು ಹೆಸರು ರಾಜಕೀಯ ಘಟನೆಯಿಂದ: ಅರಸನಿಲ್ಲದ ಕಾಮನ್‌ವೆಲ್ತ್ (1649–60), ಅರಸ ಮರಳಿ ಬಂದ ರೆಸ್ಟೊರೇಶನ್ (1660). ಉಳಿದವು ಬರವಣಿಗೆಯ ರೀತಿಯಿಂದ: ನಿಯೊಕ್ಲಾಸಿಕಲ್, ರೊಮ್ಯಾಂಟಿಕ್, ಮಾಡರ್ನಿಸಂ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪ್ರತಿ ಹೆಸರಿನೆದುರು 'ಭಾಷೆ', 'ಅರಸು', 'ಘಟನೆ', 'ರೀತಿ' ಎಂದು ಬರೆದುಕೊಳ್ಳಿ. ಅರಸಿನ ಹೆಸರಿನ ಕಾಲಕ್ಕೆ ಗಡಿ ಖಚಿತ, ಆದರೆ ಸಾಹಿತ್ಯ ಆ ಗಡಿಯನ್ನು ಕೇಳುವುದಿಲ್ಲ. ರೀತಿಯ ಹೆಸರಿಗೆ ಗಡಿಯೇ ಸಡಿಲ. 'ರೊಮ್ಯಾಂಟಿಕ್ ಯುಗ 1785ರಲ್ಲೋ 1789ರಲ್ಲೋ 1798ರಲ್ಲೋ' ಎಂದು ಪುಸ್ತಕಗಳು ಬೇರೆ ಬೇರೆ ಹೇಳುವುದು ಇದರಿಂದಲೇ. ಕ್ಲಾಸಿನಲ್ಲಿ ಕೊಟ್ಟ ಇಸವಿಯನ್ನು ಬರೆಯಿರಿ, ಕಾರಣವನ್ನೂ ಪಕ್ಕದಲ್ಲಿ ಬರೆಯಿರಿ: 1798 ಎಂದರೆ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ತಂದ 'ಲಿರಿಕಲ್ ಬ್ಯಾಲಡ್ಸ್', 1789 ಎಂದರೆ ಫ್ರೆಂಚ್ ಕ್ರಾಂತಿ, ಜೊತೆಗೆ ಬ್ಲೇಕನ 'ಸಾಂಗ್ಸ್ ಆಫ್ ಇನ್ನೊಸೆನ್ಸ್'.

ಒಂದು ಹೆಸರು ಮಾತ್ರ ಎಲ್ಲರನ್ನೂ ಬೀಳಿಸುತ್ತದೆ, ಅದು ಜಾರ್ಜಿಯನ್. ಇತಿಹಾಸದಲ್ಲಿ ಅದು 1714ರಿಂದ 1830ರವರೆಗಿನ ನಾಲ್ವರು ಜಾರ್ಜ್ ಅರಸರ ಕಾಲ. 'ಜಾರ್ಜಿಯನ್ ಪೊಯೆಟ್ಸ್' ಎಂದರೆ ಐದನೆಯ ಜಾರ್ಜನ ಕಾಲದವರು, 1912ರಿಂದ 1922ರವರೆಗೆ ಬಂದ ಸಂಕಲನಗಳ ಕವಿಗಳು. ಇನ್ನು 'ಮೆಟಫಿಸಿಕಲ್' ಎಂಬುದು 17ನೆಯ ಶತಮಾನದ ಕವಿ ಡನ್ ಮೊದಲಾದವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಅದು ಗಟ್ಟಿಯಾಗಿ ಅಂಟಿದ್ದು ಡಾ. ಜಾನ್ಸನ್ 1779ರಲ್ಲಿ ಅವರಲ್ಲೊಬ್ಬನಾದ ಕೌಲಿಯ ಬಗ್ಗೆ ಬರೆದ ಮೇಲೆ, ಅದೂ ಹೊಗಳಿಕೆಯಾಗಿ ಅಲ್ಲ.

ಕಾಲಪಟ್ಟಿ ಮಾಡುವುದು

ಒಂದು ಚಾರ್ಟ್ ಪೇಪರ್ ಸಾಕು. ಸಾಮಾನ್ಯ ಅಳತೆಯದು ಸುಮಾರು 71 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲ ಇರುತ್ತದೆ. ಉದ್ದಕ್ಕೆ ಮೂರು ಪಟ್ಟಿ ಕತ್ತರಿಸಿ, ಒಂದೊಂದೂ 18 ಸೆಂ.ಮೀ. ಅಗಲ ಬರಲಿ, ತುದಿಗೆ ತುದಿ ಅಂಟಿಸಿ. ಎರಡು ಮೀಟರಿಗೂ ಮಿಕ್ಕಿದ ಉದ್ದ ಸಿಗುತ್ತದೆ.

ಇಡೀ ಪಟ್ಟಿಗೆ ಒಂದೇ ಅಳತೆ ಹಾಕಬೇಡಿ. ಹಾಕಿದರೆ 450ರಿಂದ 1500ರವರೆಗಿನ ಸಾವಿರ ವರ್ಷ ಖಾಲಿ ಬಿದ್ದು, 1798ರ ಸುತ್ತ ಕಾಲಿಡಲು ಜಾಗವಿಲ್ಲದಂತಾಗುತ್ತದೆ. 1500ರವರೆಗೆ 1 ಸೆಂ.ಮೀ.ಗೆ 20 ವರ್ಷ, ಅಲ್ಲಿಂದಾಚೆ 1 ಸೆಂ.ಮೀ.ಗೆ 5 ವರ್ಷ ಇಡಿ. ಮೊದಲ ಭಾಗ 52.5 ಸೆಂ.ಮೀ., ಎರಡನೆಯದು 2000ದವರೆಗೆ 100 ಸೆಂ.ಮೀ. ಅಳತೆ ಬದಲಾಗುವ ಜಾಗದಲ್ಲಿ ದಪ್ಪ ಗೆರೆ ಎಳೆಯಿರಿ, ಇಲ್ಲದಿದ್ದರೆ ನಿಮ್ಮ ಕಣ್ಣೇ ನಿಮಗೆ ಮೋಸ ಮಾಡುತ್ತದೆ.

ಮೇಲೆ 3 ಸೆಂ.ಮೀ. ಇಸವಿಗೆ ಬಿಟ್ಟು, ಕೆಳಗೆ ತಲಾ 3 ಸೆಂ.ಮೀ.ನ ಐದು ಸಾಲು ಮಾಡಿ: ರಾಜಕೀಯ, ಭಾಷೆ, ಲೇಖಕರ ಬದುಕು, ಕೃತಿ ಓದುಗರನ್ನು ತಲುಪಿದ ದಾರಿ, ಕೊನೆಯದು ಕನ್ನಡ. ಲೇಖಕರನ್ನು ಚುಕ್ಕಿಯಾಗಿ ಗುರುತಿಸಬೇಡಿ, ಹುಟ್ಟಿನಿಂದ ಸಾವಿನವರೆಗೆ ಗೆರೆಯಾಗಿ ಎಳೆಯಿರಿ. ಕಾವ್ಯಕ್ಕೆ ನೀಲಿ, ನಾಟಕಕ್ಕೆ ಕೆಂಪು, ಗದ್ಯಕ್ಕೆ ಹಸಿರು.

ಗೆರೆ ಎಳೆದಾಗ ಪಟ್ಟಿಯೇ ಪಾಠ ಹೇಳತೊಡಗುತ್ತದೆ. ಕೀಟ್ಸ್ ಮತ್ತು ಕಾರ್ಲೈಲ್ ಇಬ್ಬರೂ ಹುಟ್ಟಿದ್ದು 1795ರಲ್ಲಿ. ಕೀಟ್ಸನ ಗೆರೆ 5 ಸೆಂ.ಮೀ.ಗೆ ನಿಂತುಬಿಡುತ್ತದೆ (1821), ಕಾರ್ಲೈಲನದು 17 ಸೆಂ.ಮೀ. ದಾಟುತ್ತದೆ (1881). ಒಬ್ಬ ರೊಮ್ಯಾಂಟಿಕ್, ಇನ್ನೊಬ್ಬ ವಿಕ್ಟೋರಿಯನ್ ಆದದ್ದು ಹುಟ್ಟಿದ ವರ್ಷದಿಂದಲ್ಲ. ವರ್ಡ್ಸ್‌ವರ್ತ್ ವಿಕ್ಟೋರಿಯಾ ಪಟ್ಟಕ್ಕೆ ಬಂದ ಮೇಲೂ 13 ವರ್ಷ ಬದುಕಿದ್ದ. ಮಿಲ್ಟನ್ 'ಪ್ಯೂರಿಟನ್ ಯುಗ'ದ ಕವಿ ಎಂದು ನೋಟ್ಸಿನಲ್ಲಿರುತ್ತದೆ, ಆದರೆ 'ಪ್ಯಾರಡೈಸ್ ಲಾಸ್ಟ್' ಅಚ್ಚಾದದ್ದು 1667ರಲ್ಲಿ, ಅವನ ಪಕ್ಷ ಸೋತು ಅರಸ ಮರಳಿದ ಏಳು ವರ್ಷದ ಮೇಲೆ. ಸೋಲು, ದಂಗೆ, ಸ್ವರ್ಗದಿಂದ ಬೀಳುವಿಕೆ ಇವನ್ನು ಬರೆದವನು ಗೆದ್ದ ಪಕ್ಷದವನಲ್ಲ ಎಂಬುದು ಪಟ್ಟಿಯಲ್ಲಿ ಕಣ್ಣಿಗೆ ಬಿದ್ದರೆ ಆ ಕಾವ್ಯ ಬೇರೆಯಾಗಿಯೇ ಓದಿಸಿಕೊಳ್ಳುತ್ತದೆ.

ಕೆಂಪು ಬಣ್ಣ ಎಲ್ಲಿ ಕಾಣೆಯಾಗುತ್ತದೆ ನೋಡಿ. 1642ರಲ್ಲಿ ಪಾರ್ಲಿಮೆಂಟ್ ನಾಟಕಶಾಲೆಗಳನ್ನು ಮುಚ್ಚಿಸಿತು, 1660ರವರೆಗೆ ಅಲ್ಲಿ ಬರಗಾಲ. ಅದಕ್ಕಿಂತ ದೊಡ್ಡ ಖಾಲಿ ಜಾಗ ಆಮೇಲಿನದು. ಶೆರಿಡನ್ನನ 'ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್' (1777) ಆದ ಮೇಲೆ ವೈಲ್ಡ್ ಮತ್ತು ಶಾ ಬರುವ 1890ರ ದಶಕದವರೆಗೆ, ಇಂದಿಗೂ ಆಡುವಂಥ ನಾಟಕ ಹುಡುಕಿದರೆ ಸಿಗುವುದು ಕಷ್ಟ. ಬರೆಯುವವರು ಇರಲಿಲ್ಲವೆಂದಲ್ಲ. 1843ರವರೆಗೆ ಲಂಡನ್ನಿನಲ್ಲಿ ಮಾತಿನ ನಾಟಕ ಆಡುವ ಹಕ್ಕು ಪರವಾನಗಿಯಿದ್ದ ಬೆರಳೆಣಿಕೆಯ ಥಿಯೇಟರುಗಳದ್ದು. 1737ರ ಕಾಯ್ದೆಯಂತೆ ಪ್ರತಿ ಹೊಸ ನಾಟಕವೂ ಸೆನ್ಸಾರ್ ದಾಟಬೇಕಿತ್ತು. ಸರ್ಕಾರವನ್ನು ನಾಟಕದಲ್ಲಿ ಗೇಲಿ ಮಾಡುತ್ತಿದ್ದ ಫೀಲ್ಡಿಂಗ್ ಆ ಕಾಯ್ದೆಯ ಹೊಡೆತಕ್ಕೆ ರಂಗಭೂಮಿ ಬಿಟ್ಟು ಕಾದಂಬರಿಗೆ ಬಂದ. 1749ರಲ್ಲಿ 'ಟಾಮ್ ಜೋನ್ಸ್'. ಒಂದು ಕಾಯ್ದೆ ಒಂದು ಪ್ರಕಾರವನ್ನು ಒಣಗಿಸಿ ಇನ್ನೊಂದಕ್ಕೆ ನೀರು ಹರಿಸಿದ್ದು ಪಟ್ಟಿಯ ಒಂದನೆಯ ಮತ್ತು ನಾಲ್ಕನೆಯ ಸಾಲನ್ನು ಒಟ್ಟಿಗೆ ನೋಡಿದಾಗಲೇ ಗೊತ್ತಾಗುವುದು.

ಕನ್ನಡದ ಸಾಲನ್ನು ಬಿಡಬೇಡಿ, ಈಗಾಗಲೇ ಗೊತ್ತಿರುವುದರ ಪಕ್ಕದಲ್ಲಿಟ್ಟ ಇಸವಿ ಜಾರುವುದಿಲ್ಲ. 'ಕವಿರಾಜಮಾರ್ಗ' ಸುಮಾರು 850, ಅಂದರೆ ಆಲ್ಫ್ರೆಡ್ ದೊರೆ (871–899) ಪಟ್ಟಕ್ಕೆ ಬರುವ ಮೊದಲು. ಪಂಪ 941ರ ಹೊತ್ತಿನವನು. ಓಲ್ಡ್ ಇಂಗ್ಲಿಷ್ ಕಾವ್ಯ 'ಬೇವುಲ್ಫ್' ಉಳಿದಿರುವ ಏಕೈಕ ಹಸ್ತಪ್ರತಿ ಸುಮಾರು 1000ದ್ದು. ವಚನಗಳ 12ನೆಯ ಶತಮಾನದಲ್ಲಿ ಇಂಗ್ಲಿಷ್ ಬರಹ ಬಹುಮಟ್ಟಿಗೆ ಮೌನ. ಚಾಸರ್ 1400ರಲ್ಲಿ ತೀರಿಕೊಂಡ, ಕುಮಾರವ್ಯಾಸ ಆಮೇಲಿನ ಅರ್ಧ ಶತಮಾನದವನು. ಡಿಕನ್ಸ್ ಕಂತುಗಳಲ್ಲಿ ಬರೆಯುತ್ತಿದ್ದಾಗ, 1843ರಲ್ಲಿ, ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಟಿತು. 1894ರಲ್ಲಿ ಕಿಟ್ಟೆಲ್ ನಿಘಂಟು, 1899ರಲ್ಲಿ ಗುಲ್ವಾಡಿಯವರ 'ಇಂದಿರಾಬಾಯಿ'.

ಯಾವುದರಿಂದ ಓದಲು ತೊಡಗಬೇಕು

ಮೊದಲಿನಿಂದ ಅಲ್ಲ. 'ಬೇವುಲ್ಫ್'ನಿಂದ ಹೊರಟವರು ಬಹುಪಾಲು ಚಾಸರ್ ತಲುಪುವ ಮುಂಚೆಯೇ ಸುಸ್ತಾಗುತ್ತಾರೆ. ದಿನಕ್ಕೆ ಒಂದು ಗಂಟೆಯಂತೆ 12 ವಾರ ಇಟ್ಟುಕೊಳ್ಳಿ.

ಮೊದಲ ಎರಡು ವಾರ ರೊಮ್ಯಾಂಟಿಕ್. ಪದ್ಯಗಳು ಚಿಕ್ಕವು, ಭಾಷೆ ಹತ್ತಿರದ್ದು, ಮೇಲಾಗಿ ಶಾಲೆಯಲ್ಲಿ ಓದಿದ ನವೋದಯ ಕವಿತೆಗಳು ಕಿವಿಯನ್ನು ಆಗಲೇ ಹದ ಮಾಡಿರುತ್ತವೆ. 1926ರಲ್ಲಿ ಬಂದ ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಈ ಕವಿಗಳಿಂದ ಧಾರಾಳವಾಗಿ ಪಡೆದಿದೆ. ಆಮೇಲೆ ಎರಡು ವಾರ ಹಿಂದಕ್ಕೆ ಹೋಗಿ 1660ರಿಂದ 1785, ಇವರು ಯಾರ ವಿರುದ್ಧ ತಿರುಗಿಬಿದ್ದರೆಂದು ತಿಳಿಯಲು. ನಂತರ ಮೂರು ವಾರ 1500–1660, ಎರಡು ವಾರ ವಿಕ್ಟೋರಿಯನ್, ಎರಡು ವಾರ 20ನೆಯ ಶತಮಾನ. ಕೊನೆಯ ವಾರ ಓಲ್ಡ್ ಮತ್ತು ಮಿಡ್ಲ್ ಇಂಗ್ಲಿಷ್.

ಪ್ರತಿ ಕಾಲದ ಚರಿತ್ರೆ ಓದುವ ಮುನ್ನ ಆ ಕಾಲದ ಒಂದು ಪುಟವನ್ನು ಗಟ್ಟಿಯಾಗಿ ಓದಿ. ಗ್ರೇಯ 'ಎಲಿಜಿ' 128 ಸಾಲು, ಕೀಟ್ಸನ 'ನೈಟಿಂಗೇಲ್' 80, ಬ್ರೌನಿಂಗನ 'ಮೈ ಲಾಸ್ಟ್ ಡಚೆಸ್' 56, ಆರ್ನಲ್ಡನ 'ಡೋವರ್ ಬೀಚ್' 37. ಶೇಕ್ಸ್‌ಪಿಯರನ ದುರಂತ ನಾಟಕ ಒಂದನ್ನು ಪೂರ್ತಿ ಓದುವುದಾದರೆ 'ಮ್ಯಾಕ್‌ಬೆತ್', ಅವುಗಳಲ್ಲಿ ಅದೇ ಚಿಕ್ಕದು. ಕಾದಂಬರಿಗಳನ್ನು ಪೂರ್ತಿ ಓದಲು ಸಮಯವಿಲ್ಲದಿದ್ದರೆ 'ಗಲಿವರ್' ಮೊದಲ ಭಾಗ ಮತ್ತು 'ಬ್ಲೀಕ್ ಹೌಸ್' ಮೊದಲ ಅಧ್ಯಾಯ ಓದಿ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ, ಹಳೆಯವೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಕುವೆಂಪು ಅವರ 'ರಕ್ತಾಕ್ಷಿ', 'ಬಿರುಗಾಳಿ' ಓದಿ ಸಂತೋಷಪಡಿ, ಆದರೆ 'ಹ್ಯಾಮ್ಲೆಟ್', 'ಟೆಂಪೆಸ್ಟ್' ಕತೆಯನ್ನು ಅಲ್ಲಿಂದ ಎತ್ತಿ ಉತ್ತರ ಬರೆಯಬೇಡಿ. ಅವು ರೂಪಾಂತರಗಳು, 'ರಕ್ತಾಕ್ಷಿ' ನಡೆಯುವುದು ಬಿದನೂರಿನಲ್ಲಿ.

1066

ಈ ಇಸವಿಯನ್ನು ಕಾಸರಗೋಡಿನವರು ಬೇಗ ಅರ್ಥ ಮಾಡಿಕೊಳ್ಳಬಲ್ಲರು. 1956ರ ನವೆಂಬರ್ 1ರಂದು ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಕಚೇರಿಯ ಭಾಷೆ ಬದಲಾಯಿತು, ಅಡುಗೆಮನೆಯದು ಬದಲಾಗಲಿಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಇಂಗ್ಲೆಂಡಿನಲ್ಲೂ ಅದೇ ಆಯಿತು, ಆದರೆ ಅಲ್ಲಿ ಆದದ್ದು ಯುದ್ಧದಿಂದ, ಜಮೀನೂ ಕೈ ಬದಲಾಯಿತು. ಆಸ್ಥಾನ, ಕೋರ್ಟುಗಳಲ್ಲಿ ಫ್ರೆಂಚ್, ಚರ್ಚ್ ಮತ್ತು ದಾಖಲೆಗಳಲ್ಲಿ ಲ್ಯಾಟಿನ್, ಹೊಲಗದ್ದೆಯಲ್ಲಿ ಇಂಗ್ಲಿಷ್. ಪೀಟರ್‌ಬರೊ ಮಠದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದ ವಾರ್ಷಿಕ ಚರಿತ್ರೆ 1154ಕ್ಕೆ ನಿಂತುಹೋಯಿತು. 1362ರಲ್ಲಿ ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾನೂನು ಬಂತು, ದಾಖಲೆ ಮಾತ್ರ ಲ್ಯಾಟಿನ್ನಿನಲ್ಲೇ ಉಳಿಯಿತು. ಆಗ ಚಾಸರನಿಗೆ ಸುಮಾರು 20 ವರ್ಷ. ಅವನು ಫ್ರೆಂಚಿನಲ್ಲೋ ಲ್ಯಾಟಿನ್ನಿನಲ್ಲೋ ಬರೆಯದೆ ಇಂಗ್ಲಿಷನ್ನು ಆರಿಸಿಕೊಂಡದ್ದು ಏಕೆ ದೊಡ್ಡ ಮಾತು ಎಂಬುದಕ್ಕೆ ಈ ಎರಡು ಇಸವಿಗಳೇ ಉತ್ತರ. ಹಟ್ಟಿಯಲ್ಲಿ ಇಂಗ್ಲಿಷಿನ 'ಆಕ್ಸ್', ತಟ್ಟೆಯಲ್ಲಿ ಫ್ರೆಂಚಿನಿಂದ ಬಂದ 'ಬೀಫ್' ಎಂಬ ಉದಾಹರಣೆಯನ್ನು ಎಲ್ಲರೂ ಬರೆಯುತ್ತಾರೆ, ಮೌಲ್ಯಮಾಪಕರಿಗೂ ಅದು ಸಾಕಾಗಿರುತ್ತದೆ.

ಚಾಸರನನ್ನು ಓದುವಾಗ ಕನ್ನಡದವರಿಗೆ ಒಂದು ಅನುಕೂಲವಿದೆ. ಬರೆದದ್ದನ್ನೆಲ್ಲ ಉಚ್ಚರಿಸಿ. ಆಗ 'ನೇಮ್' ಎಂಬುದು 'ನಾಮೆ', 'ಟೈಮ್' ಎಂಬುದು 'ತೀಮೆ', 'ನೈಟ್' (knight) ಎಂಬುದರ ಮೊದಲ 'ಕ್' ಕೂಡ ಕೇಳುತ್ತಿತ್ತು. ಅವನ 'ಕ್ಯಾಂಟರ್ಬರಿ ಟೇಲ್ಸ್' ಕಾವ್ಯದ 'ಪ್ರೊಲೋಗ್'ನ ಮೊದಲೆರಡು ಸಾಲುಗಳ ಕೊನೆಯಲ್ಲಿ 'ಸೋತೆ', 'ರೋತೆ' ಎಂದು ಎಕಾರ ಬಿಡದೆ ಓದಿದರೆ ಮಾತ್ರ ಲಯ ಕೂಡುತ್ತದೆ. ಸ್ವರಗಳು ಸುಮಾರು 1400ರಿಂದ 1700ರೊಳಗೆ ಜಾಗ ಬದಲಿಸಿದವು. ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಹೂಡಿದ್ದು 1476ರಲ್ಲಿ. ಉಚ್ಚಾರ ಸರಿಯುತ್ತಿದ್ದಾಗಲೇ ಕಾಗುಣಿತ ಅಚ್ಚಿನಲ್ಲಿ ಗಟ್ಟಿಯಾಗುತ್ತ ಹೋಯಿತು. ಶಾಲೆಯಲ್ಲಿ ಸ್ಪೆಲ್ಲಿಂಗಿಗಾಗಿ ತಿಂದ ಪೆಟ್ಟಿಗೆ ಮೂಲ ಅಲ್ಲಿದೆ.

ಛಂದಸ್ಸಿನಲ್ಲಿ ತಪ್ಪುವ ಜಾಗ

ಒಂದು ಸಾಲು ಕೊಟ್ಟು ಯಾವ ಕಾಲದ್ದೆಂದು ಕೇಳಿದರೆ ಛಂದಸ್ಸೇ ಮೊದಲ ಸುಳಿವು. ಕನ್ನಡದಲ್ಲಿ ಪ್ರಸ್ತಾರ ಹಾಕಿ ಕೈ ಪಳಗಿದವರು ಇಲ್ಲಿ ಒಂದೇ ರೀತಿಯ ತಪ್ಪು ಮಾಡುತ್ತಾರೆ: ದೀರ್ಘ ಕಂಡಲ್ಲೆಲ್ಲ ಗುರು ಹಾಕುವುದು. ಇಂಗ್ಲಿಷಿನಲ್ಲಿ ಲೆಕ್ಕ ಒತ್ತಿನದು. ಗ್ರೇಯ ಮೊದಲ ಸಾಲು ನೋಡಿ: ದ ಕರ್ | ಫ್ಯೂ ಟೋಲ್ಸ್ | ದ ನೆಲ್ | ಆಫ್ ಪಾರ್ | ಟಿಂಗ್ ಡೇ. ಐದು ಗಣ, ಪ್ರತಿಯೊಂದರಲ್ಲೂ ಎರಡನೆಯದಕ್ಕೆ ಒತ್ತು. 'ಫ್ಯೂ' ನಮ್ಮ ಲೆಕ್ಕದಲ್ಲಿ ಗುರು, ಅಲ್ಲಿ ಹಗುರ. 'ಟಿಂಗ್' ಕೂಡ ಹಾಗೆಯೇ. ಬೆರಳಿನಲ್ಲಿ ಮೇಜು ತಟ್ಟುತ್ತ ಓದಿ, ತಟ್ಟು ಬಿದ್ದದ್ದನ್ನು ಮಾತ್ರ ಗುರುತು ಹಾಕಿ.

ಓಲ್ಡ್ ಇಂಗ್ಲಿಷಿನಲ್ಲಿ ಸಾಲು ಎರಡು ತುಂಡು, ಒಟ್ಟು ನಾಲ್ಕು ಒತ್ತು. 'ಬೇವುಲ್ಫ್'ನ ನಾಲ್ಕನೆಯ ಸಾಲು ಕನ್ನಡ ಅಕ್ಷರದಲ್ಲಿ ಸುಮಾರಾಗಿ ಹೀಗೆ: ಒಫ್ಟ್ ಶೂಲ್ಡ್ ಶೇವಿಂಗ್ | ಶಾದೆನ ಥ್ರಾತುಮ್. ಮೊದಲ ಮೂರು ಒತ್ತುಗಳಲ್ಲಿ ಶಕಾರ, ನಾಲ್ಕನೆಯದರಲ್ಲಿ ಬೇಕೆಂದೇ ಇಲ್ಲ. ನಮ್ಮ ಆದಿಪ್ರಾಸದಲ್ಲಿ ಸಾಲುಗಳ ಎರಡನೆಯ ಅಕ್ಷರ ಹೊಂದಬೇಕು, ಅಲ್ಲಿ ಒಂದೇ ಸಾಲಿನೊಳಗೆ ಒತ್ತು ಬಿದ್ದ ಪದಭಾಗಗಳ ಮೊದಲ ಧ್ವನಿ ಹೊಂದಬೇಕು. ಇವೆರಡನ್ನೂ ಒಂದೇ ಎಂದು ಬರೆಯಬೇಡಿ.

ಹಿರೋಯಿಕ್ ಕಪ್ಲೆಟ್ ಕಂಡೊಡನೆ 'ಪೋಪ್, 18ನೆಯ ಶತಮಾನ' ಎನ್ನುವುದೂ ಅವಸರ. ಹತ್ತು ಅಕ್ಷರದ, ಜೋಡಿ ಪ್ರಾಸದ ಸಾಲನ್ನು ಚಾಸರನೂ ಬರೆದ, ಕೀಟ್ಸನೂ ಬರೆದ, ಬ್ರೌನಿಂಗನೂ ಬರೆದ. ವಾಕ್ಯ ಎಲ್ಲಿ ನಿಲ್ಲುತ್ತದೆ ನೋಡಿ. ಎರಡನೆಯ ಸಾಲಿನ ಕೊನೆಗೆ ಬಾಗಿಲು ಹಾಕಿದಂತೆ ಅರ್ಥ ಮುಗಿದು, ಸಾಲಿನ ಎರಡರ್ಧ ಒಂದಕ್ಕೊಂದು ಎದುರು ನಿಂತಿದ್ದರೆ ಡ್ರೈಡನ್–ಪೋಪ್ ಕಾಲ. ವಾಕ್ಯ ಪ್ರಾಸವನ್ನು ದಾಟಿ ಮುಂದೆ ಹರಿದರೆ 19ನೆಯ ಶತಮಾನ ಇರಬಹುದು. 'ಮೈ ಲಾಸ್ಟ್ ಡಚೆಸ್' ಪೂರ್ತಿ ಕಪ್ಲೆಟ್ಟಿನಲ್ಲಿದೆಯೆಂದು ಹಲವರಿಗೆ ಗಟ್ಟಿಯಾಗಿ ಓದಿದರೂ ತಿಳಿಯುವುದಿಲ್ಲ.

ಋತುಗಳ ಬಗ್ಗೆ ಎಚ್ಚರ

ನಮ್ಮ ಕಡೆಯ ಉತ್ತರಗಳಲ್ಲಿ ಪದೇಪದೇ ಕಾಣುವ ತಪ್ಪು ಇದು. ಶೇಕ್ಸ್‌ಪಿಯರ್ ಪ್ರಿಯ ವ್ಯಕ್ತಿಯನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ ಎಂದಾಗ ಅದು ಹೊಗಳಿಕೆ, ಏಪ್ರಿಲ್ ತಿಂಗಳ ಕಾಸರಗೋಡಿನ ಸೆಕೆಯಲ್ಲ. ನಮ್ಮಲ್ಲಿ ಆಟಿಯ ಮಳೆ ಸುರಿಯುವ ಹೊತ್ತು ಅಲ್ಲಿನ ಹಿತವಾದ ಸಮ್ಮರ್. ಶೆಲ್ಲಿಯ ಪಡುಗಾಳಿ ಎಲೆ ಉದುರಿಸುವ ಶರತ್ಕಾಲದ್ದು, ಜೂನಿನಲ್ಲಿ ಮಳೆ ಹೊತ್ತು ತರುವ ನಮ್ಮ ಪಡುಗಾಳಿಯಲ್ಲ. ಚಾಸರನ ಏಪ್ರಿಲ್ ಮಳೆ ಮಾರ್ಚಿನ ಒಣಬರವನ್ನು ಬೇರಿನವರೆಗೆ ನೆನೆಸಿ ಜನರನ್ನು ಯಾತ್ರೆಗೆ ಹೊರಡಿಸುತ್ತದೆ. ಎಲಿಯಟ್ 1922ರಲ್ಲಿ 'ದಿ ವೇಸ್ಟ್ ಲ್ಯಾಂಡ್' ತೊಡಗುವುದು ಏಪ್ರಿಲ್ ಅತ್ಯಂತ ಕ್ರೂರ ಎಂದು. ಕಾರಣ ಬಿಸಿಲಲ್ಲ, ಮಲಗಿದ್ದ ಬೇರುಗಳನ್ನು ಮಳೆ ಎಬ್ಬಿಸುತ್ತದೆ ಎಂಬುದು. ಚಾಸರನ ಏಪ್ರಿಲನ್ನು ತಲೆಕೆಳಗು ಮಾಡಿದ ಸಾಲು ಅದು. ಐದು ಶತಮಾನದ ದೂರವನ್ನು ಒಂದು ಪ್ಯಾರಾದಲ್ಲಿ ತೋರಿಸಬೇಕಿದ್ದರೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಉತ್ತರ ಬರೆಯುವಾಗ

'ವಿಕ್ಟೋರಿಯನ್ ಯುಗದ ಲಕ್ಷಣಗಳು' ಎಂದು ಕೇಳಿದರೆ ಕೈಗಾರಿಕಾ ಕ್ರಾಂತಿ, ಡಾರ್ವಿನ್ (1859), ಸಾಮ್ರಾಜ್ಯ ಎಂದು ಒಂದು ಪುಟ, ಬಳಿಕ ಲೇಖಕರ ಪಟ್ಟಿ ಒಂದು ಪುಟ ಬರೆಯುವುದು ವಾಡಿಕೆ. ಎರಡಕ್ಕೂ ಸಂಬಂಧವೇ ಇರುವುದಿಲ್ಲ, ಅಂಕ ಹೋಗುವುದು ಅಲ್ಲಿ. ಕಾರಣದಿಂದ ಕೃತಿಗೆ ದಾರಿ ತೋರಿಸಿ. ಆ ಕಾಲದ ಮೂರು ಸಂಪುಟದ ಕಾದಂಬರಿಗೆ 31 ಶಿಲ್ಲಿಂಗ್ 6 ಪೆನ್ಸ್. ಸಾಮಾನ್ಯರು ಕೊಳ್ಳುವ ಮಾತಲ್ಲ, ಬಾಡಿಗೆ ಗ್ರಂಥಾಲಯದಿಂದ ತಂದು ಓದಬೇಕು. 'ಪಿಕ್‌ವಿಕ್ ಪೇಪರ್ಸ್' 1836–37ರಲ್ಲಿ ತಿಂಗಳಿಗೊಂದು ಕಂತಾಗಿ ಒಂದು ಶಿಲ್ಲಿಂಗಿಗೆ ಬಂತು. ಓದುಗರು ಮುಂದಿನ ತಿಂಗಳೂ ಕೊಳ್ಳಬೇಕಾದರೆ ಕಂತಿನ ಕೊನೆಯಲ್ಲಿ ಕುತೂಹಲ ಉಳಿಯಬೇಕು, ನೂರು ಪಾತ್ರಗಳಲ್ಲಿ ಪ್ರತಿಯೊಂದನ್ನೂ ಮಾತಿನ ಧಾಟಿಯಿಂದಲೇ ಗುರುತಿಸುವಂತಿರಬೇಕು. ಡಿಕನ್ಸನ ಬರವಣಿಗೆಯ ಗುಣದಲ್ಲಿ ಒಂದು ಭಾಗ ಹೀಗೆ ಬೆಲೆಯಿಂದ ಹುಟ್ಟಿದ್ದು.

ಇದೇ ಬಗೆಯಲ್ಲಿ ಇನ್ನೂ ಎರಡನ್ನು ಸಿದ್ಧವಿಡಿ. 1660ರಲ್ಲಿ ನಾಟಕಶಾಲೆ ತೆರೆದಾಗ ಹೆಣ್ಣಿನ ಪಾತ್ರಕ್ಕೆ ನಟಿಯರು ಬಂದರು, ಪ್ರೇಕ್ಷಕರಲ್ಲಿ ಆಸ್ಥಾನದವರ ಪ್ರಭಾವ ಹೆಚ್ಚಿತು, ಹಾಸ್ಯ ನಾಟಕ ಅವರದೇ ಮದುವೆ–ಆಸ್ತಿ–ಸಲ್ಲಾಪದ ಮೇಲೆ ನಿಂತಿತು. 1695ರಲ್ಲಿ ಮುದ್ರಣ ಪರವಾನಗಿ ಕಾಯ್ದೆ ನವೀಕರಣವಾಗದೆ ಬಿದ್ದುಹೋದ ಮೇಲೆ ಪತ್ರಿಕೆಗಳು ಬೆಳೆದವು. 1711ರಲ್ಲಿ 'ದಿ ಸ್ಪೆಕ್ಟೇಟರ್', 1719ರಲ್ಲಿ 'ರಾಬಿನ್ಸನ್ ಕ್ರೂಸೋ'. ಕ್ರೂಸೋ ಬರೆದ ಡಿಫೋ ಅದಕ್ಕೂ ಮುಂಚೆ ಪತ್ರಕರ್ತ.

10 ಅಂಕದ ಉತ್ತರಕ್ಕೆ ಇಂಥ ಎರಡು ಕಾರಣ, ಮೂರು ಕೃತಿ, ಕನಿಷ್ಠ ಒಂದು ಕೃತಿಯಿಂದ ನೀವೇ ಓದಿದ ಒಂದು ಸಾಲು, ಕೊನೆಗೆ ಆ ಕಾಲದ ಚೌಕಟ್ಟಿಗೆ ಹೊಂದದ ಒಬ್ಬ ಲೇಖಕರು. ರೊಮ್ಯಾಂಟಿಕ್ ಕಾಲಕ್ಕೆ ಜೇನ್ ಆಸ್ಟಿನ್ ಸರಿಹೊಂದುತ್ತಾರೆ: 'ಪ್ರೈಡ್ ಅಂಡ್ ಪ್ರೆಜುಡಿಸ್' 1813ರದ್ದು, ಬೈರನ್ ಮನೆಮಾತಾಗಿದ್ದ ಹೊತ್ತು, ಆದರೆ ಅದರ ವ್ಯಂಗ್ಯ, ಹತೋಟಿ ಹಿಂದಿನ ಶತಮಾನದ್ದು.

ಕಾಲೇಜು ಅಧ್ಯಾಪಕರ ಅರ್ಹತೆಗಿರುವ ನೆಟ್ ಪರೀಕ್ಷೆಯಲ್ಲಿ ಕಾಲಾನುಕ್ರಮದಲ್ಲಿ ಜೋಡಿಸುವ ಪ್ರಶ್ನೆಗಳು ಬಂದೇ ಬರುತ್ತವೆ. ಬೇರೆ ಸೂಚನೆ ಇಲ್ಲದಿದ್ದರೆ ಅಚ್ಚಾದ ವರ್ಷವನ್ನೇ ಹಿಡಿಯಿರಿ. ವರ್ಡ್ಸ್‌ವರ್ತ್ 'ದಿ ಪ್ರಿಲ್ಯೂಡ್' ಅನ್ನು 1805ರಲ್ಲಿ ಮುಗಿಸಿದ್ದರೂ ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1850ರಲ್ಲಿ, ಟೆನ್ನಿಸನ್ನನ 'ಇನ್ ಮೆಮೋರಿಯಂ' ಬಂದ ವರ್ಷವೇ. ಹಾಪ್‌ಕಿನ್ಸ್ 1889ರಲ್ಲಿ ತೀರಿಕೊಂಡ, ಕವನಗಳು ಬಂದದ್ದು 1918ರಲ್ಲಿ. ಶೇಕ್ಸ್‌ಪಿಯರನ ನಾಟಕಗಳ ಸಂಗ್ರಹವಾದ 1623ರ ಫೋಲಿಯೊದಲ್ಲಿ 36 ನಾಟಕಗಳಿವೆ, ಅದರಲ್ಲಿ 18 ಅದಕ್ಕೆ ಮೊದಲು ಅಚ್ಚಾಗಿರಲೇ ಇಲ್ಲ. ಹಾಗಾಗಿ ಅವನ ಮಟ್ಟಿಗೆ ಮಾತ್ರ ಬರೆದ ಅಂದಾಜು ವರ್ಷವನ್ನು ಹಿಡಿಯುತ್ತಾರೆ. ಇನ್ನೊಂದು ಚಿಕ್ಕ ತೊಡಕು: 1752ರ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ತೊಡಗುತ್ತಿದ್ದುದು ಮಾರ್ಚ್ 25ಕ್ಕೆ. ಒಂದನೆಯ ಚಾರ್ಲ್ಸನ ತಲೆ ತೆಗೆದ ಜನವರಿ 30 ನಮಗೆ 1649, ಆ ಕಾಲದ ಕಾಗದಪತ್ರಗಳಲ್ಲಿ 1648. ಎರಡು ಪುಸ್ತಕದಲ್ಲಿ ಜನವರಿ–ಮಾರ್ಚಿನ ಘಟನೆಗೆ ಒಂದು ವರ್ಷದ ವ್ಯತ್ಯಾಸ ಕಂಡರೆ ಕಾಲಪಟ್ಟಿಯಲ್ಲಿ ಈಚಿನ ವರ್ಷವನ್ನೇ ಬರೆದುಕೊಳ್ಳಿ.